ಏಳನೇ ನಂಬರಿನ ಗಿರಾಕಿ

ಗಿರಾಕಿಗಳ ಗುಟ್ಟು ಕಾಯುವುದರಲ್ಲಿ ನನ್ನಷ್ಟು ನಂಬಿಗಸ್ತ ಬನಹಟ್ಟಿಯಲ್ಲಿ ಇನ್ನೊಬ್ಬನಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದ ಕಾಲವೊಂದಿತ್ತು. ಆಗ ಮಗ್ಗದ ಓಣಿಯಲ್ಲಿ ನಾಲ್ಕು ಕಂಪ್ಯೂಟರಿನ ಇಂಟರ್ನೆಟ್ ಅಂಗಡಿ ಇಟ್ಟಿದ್ದೆ. ನಾನು ಎಂಟನೆಯ ತರಗತಿಗೇ ಶಾಲೆ ಬಿಟ್ಟವನು. ತಂಗಿ ಸುಜಾತಾ ಬಾಗಲಕೋಟೆಯಲ್ಲಿ ಕಂಪ್ಯೂಟರ್ ಓದುತ್ತಿದ್ದಳು. ಸಣ್ಣ ಊರಿನ ಜನ ಯಾವ ಹೊತ್ತಿಗೆ, ಏನು ನೋಡಲು ಇಂಟರ್ನೆಟ್ಟಿಗೆ ಬರುತ್ತಾರೆ ಎಂಬುದು ಅವಳ ಪ್ರಾಜೆಕ್ಟ್. ಅದು ಒಪ್ಪಿಗೆಯಾಗದೆ ಅವಳು ಪಾಸಾಗುವಂತಿರಲಿಲ್ಲ. ಅದಕ್ಕೆ ಬೇಕಾದ ದಾಖಲೆ ಇದ್ದದ್ದು ನನ್ನ ಅಂಗಡಿಯಲ್ಲಿ.

“ಹೆಸರು ತಗಿ ಅಣ್ಣಾ. ಆದ್ರ ಒಬ್ಬರಿಗೆ ಒಂದ ಗುರುತು, ಕಡೀತನಕ ಅದ ಇರಬೇಕು. ವ್ಯಾಳ್ಯಾಕ್ಕ ಮಾತ್ರ ಕೈ ಹಚ್ಚಬ್ಯಾಡ,” ಎಂದಳು.

ನನಗೆ ನಂಬರಿಗಿಂತ ಸೀರೆ ಚೆನ್ನಾಗಿ ನೆನಪಿರುತ್ತದೆ. ಒಬ್ಬೊಬ್ಬರಿಗೂ ಅವರ ಮನೆಯ ಮಗ್ಗದಲ್ಲಿ ನೇಯುವ ಸೀರೆಯ ಅಂಚನ್ನೇ ಗುರುತಾಗಿ ಕೊಟ್ಟೆ. ತಂಗಿ ಅದನ್ನು ಓದುತ್ತಿದ್ದರೆ, ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ಅವ್ವ ತಲೆ ಎತ್ತದೆ, “ಹಸರು ಅಂಚು, ಹಳದಿ ಗೀಟು? ಅಂವಾ ಮಲ್ಲಪ್ಪನ ಮಗಾ. ದಿನಾ ಮಧ್ಯಾಹ್ನ ಕನ್ಯಾ ನೋಡಾಕ ಬರ್ತಾನೇನು? ಮನ್ಯಾಗ ಲಗ್ನಾನ ಒಲ್ಲೆ ಅಂತಾನಲ್ಲ,” ಎಂದಳು. ತಂಗಿ ಹಾಳೆ ಮಡಿಚಿದಳು. “ಇದಕ್ಕಿಂತ ಹೆಸರ ಬರದಿದ್ರ ಛಲೋ ಇತ್ತು.”

ಎರಡನೆಯ ಸಲ ನಂಬರು ಹಾಕಿದೆ. ಏಳನೇ ನಂಬರಿಗೆ ಬಂದಾಗ ಕೈ ನಿಂತಿತು. ಅಂಗಡಿ ತೆಗೆಯುವುದು ಒಂಬತ್ತಕ್ಕೆ. ಈ ಗಿರಾಕಿ ಎಂಟಕ್ಕೇ ಕೂತು, ಶಾಲೆಗೆ ಹೋಗದೆ ಹೊರಗಿನಿಂದ ಕಟ್ಟಿದ ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶ ನೋಡುತ್ತಾನೆ. ಫೇಲೆಂದು ಗೊತ್ತಾದ ಮೇಲೂ, ರಾತ್ರಿ ಕಳೆಯುವುದರೊಳಗೆ ಬದಲಾಗಿದೆಯೇನೋ ಎಂದು ದಿನವೂ ನೋಡುತ್ತಾನೆ. ಅಂಗಡಿಯ ಬೀಗದ ಕೈ ಇದ್ದದ್ದು ಒಬ್ಬನ ಹತ್ತಿರ. ಅವನ ಹೊತ್ತನ್ನಷ್ಟೇ ತಿದ್ದಿದರೆ ಕಣ್ಣಿಗೆ ಬೀಳುತ್ತದೆಂದು ಎಲ್ಲರ ಹೊತ್ತನ್ನೂ ಇಸ್ಪೀಟಿನ ಎಲೆಗಳಂತೆ ಕಲಸಿಬಿಟ್ಟೆ.

ಹದಿನೈದು ದಿನಕ್ಕೆ ತಂಗಿ ಬಸ್ಸಿಳಿದು ನೇರ ಅಂಗಡಿಗೆ ಬಂದಳು. “ಕರೆಂಟ್ ಹೋದಾಗನ ಊರ ಮಂದಿ ಭಾಳ ಇಂಟರ್ನೆಟ್ ನೋಡ್ತಾರಂತ ಬಂದೈತಿ. ಸರ್ ವಾಪಸ್ ಕೊಟ್ಟಾರ. ಇನ್ನ ಎಂಟ ದಿನಾ ಉಳದಾವು ಅಣ್ಣಾ.”

“ವ್ಯಾಳ್ಯಾ ನಾನ ಕಲಸೇನಿ. ಗಿರಾಕಿ ಮರ್ಯಾದಿ ನೋಡಬೇಕಲ್ಲವಾ,” ಎಂದೆ. ಪಾಪ, ಅವಳು ನಂಬಿದಳು. “ಖರೆ ಐತಿ, ನಾನ ವಿಚಾರ ಮಾಡಬೇಕಿತ್ತು,” ಎಂದು ನನಗೇ ಸಮಾಧಾನ ಹೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದು ಆಗಲಿಲ್ಲ; ಕಲಸದ ದಾಖಲೆಯನ್ನು ತೆಗೆದು ಅವಳ ಮುಂದಿಟ್ಟೆ.

ಅವಳು ಗಂಟೆಗಳನ್ನು ಬಿಟ್ಟು ಮುಂಜಾನೆ, ಮಧ್ಯಾಹ್ನ, ಸಂಜೆ ಎಂದಷ್ಟೇ ಇಟ್ಟುಕೊಂಡಳು. ಯಾರ ಗುರುತೂ ಸಿಗಲಿಲ್ಲ, ಕೆಲಸವೂ ಕೆಡಲಿಲ್ಲ, ಪ್ರಾಜೆಕ್ಟ್ ಪಾಸಾಯಿತು. ಊರಿಗೆ ಬಂದವಳು ಚಹಾ ಕುಡಿಯುತ್ತ, “ಏಳನೇ ನಂಬರಿನವ್ರಿಗೆ ಹೇಳು, ಮತ್ತೊಮ್ಮೆ ಕಟ್ಟಲಿ. ಗಣಿತ ನಾ ಹೇಳಿಕೊಡ್ತೇನಿ,” ಎಂದಳು.

“ಹೇಳ್ತೇನಿ. ಆದ್ರ ಆ ಮನಷಾಗ ನಾಚಿಗಿ ಭಾಳ.”

“ಗೊತ್ತೈತಿ. ಸಣ್ಣಾಕಿದ್ದಾಗಿಂದ ನೋಡೇನಿ.”

ಗಿರಾಕಿಯ ಹೆಸರನ್ನು ನಾನು ಅಂದೂ ಬಾಯಿಬಿಡಲಿಲ್ಲ. ಮರುದಿನದಿಂದ ಅವನ ಪರವಾಗಿ ನಾನೇ ಪಾಟಿ ಹಿಡಿದು ಅವಳ ಮುಂದೆ ಕೂತೆ.