ಕುಂತು ತಿರುಗುವಷ್ಟು ಜಾಗ

ಬನಹಟ್ಟಿಯ ನಮ್ಮ ಕಾಕಾನನ್ನು ನಾವು ಈಗಾಗಲೇ ಹಲವು ಸಲ ಹೆಣ ಮಾಡಿ ಹೊತ್ತಿದ್ದೇವೆ. ಪ್ರತಿ ಸಲವೂ ಅವರು ಕೆಳಗಿಳಿದು, ಧೋತರ ಕೊಡವಿಕೊಂಡು, ಚಹಾ ಕೇಳಿದ್ದಾರೆ!

ಗಾಬರಿಯಾಗಬೇಡಿ. ಕಾಕಾ ನಿವೃತ್ತ ಶಾಲಾ ಮಾಸ್ತರರು. ತಲೆ ನೆಟ್ಟಗೇ ಇದೆ. ಮೆಟ್ಟಿಲಿನ ವಿಷಯ ಬಂದಾಗ ಮಾತ್ರ ಸ್ವಲ್ಪ ಆಚೀಚೆ ಆಗುತ್ತದೆ.

ಅವರ ಮನೆಯಲ್ಲಿ ಕೆಳಗೆ ಮಗ್ಗ, ಮೇಲೆ ವಾಸ. ನಡುವೆ ಇಕ್ಕಟ್ಟಾದ ಹಳೆಯ ಮೆಟ್ಟಿಲು. ಅರ್ಧ ಏರಿದ ಮೇಲೆ ಒಂದು ತಿರುವು, ಅಲ್ಲಿ ಮೈ ಮುದುಡಿಕೊಂಡೇ ತಿರುಗಬೇಕು. ಕಾಕಾನ ಹೆಂಡತಿ, ನಮ್ಮ ಕಾಕು, ತೀರಿಕೊಂಡದ್ದು ಮೇಲಿನ ಕೋಣೆಯಲ್ಲಿ. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಹಣೆತುಂಬ ವಿಭೂತಿ ಬಳಿದು, ಕುರ್ಚಿಯಲ್ಲಿ ಕೂರಿಸಿ, ಹಾಗೆಯೇ ಹೊತ್ತು ಒಯ್ಯುತ್ತೇವೆ. ಆ ತಿರುವಿನಲ್ಲಿ ಕುರ್ಚಿ ತಿರುಗಲಿಲ್ಲ. ಹೊತ್ತವರು ವಾಲಿಸಿದರು. ಕಾಕುವಿನ ಹಣೆ ನೀಲಿ ಗೋಡೆಗೆ ಬಡಿದು ವಿಭೂತಿಯ ಗುರುತು ಅಲ್ಲಿ ಉಳಿಯಿತು.

ಪ್ರತಿ ದೀಪಾವಳಿಗೆ ಗೋಡೆಗೆ ಬಣ್ಣ ಹೊಡೆಸುತ್ತಾರೆ. ಯುಗಾದಿ ಬರುವಷ್ಟರಲ್ಲಿ ಬೆಳ್ಳಗೆ ಅದೇ ಗುರುತು ಮತ್ತೆ ಎದ್ದಿರುತ್ತದೆ! "ಸವಳು ಬಂದೈತ್ರಿ" ಅನ್ನುತ್ತಾನೆ ಗಾರೆ ಕೆಲಸದ ಗೌಂಡಿ. ಇರಬಹುದಪ್ಪ. ಆದರೆ ಸವಳಿನ ಉಪ್ಪು ಹತ್ತುವುದು ಗೋಡೆಯ ಬುಡಕ್ಕೆ. ಕುಳಿತವರ ಹಣೆಯ ಎತ್ತರಕ್ಕೆ, ಅದೂ ಮೂರು ಗೆರೆಯಾಗಿ ಹತ್ತುತ್ತದೆಯೇ? ನಾನಂತೂ ಅಲ್ಲಿ ಹಾಯುವಾಗ ಕಣ್ಣು ಮೆಟ್ಟಿಲಿನ ಮೇಲೇ ಇಟ್ಟುಕೊಳ್ಳುತ್ತೇನೆ.

ಮೇಲಿನ ಕೋಣೆಯಲ್ಲಿ ಈಗ ಇರುವುದು ಕಾಕಾನ ಅಕ್ಕ, ಅಂದರೆ ನಮ್ಮ ಅತ್ತಿ. ಮೊಣಕಾಲು ಹೋಗಿವೆ. ಕಾಕು ಹೋದ ಮೇಲೆ ಅವರು ಕೆಳಗೇ ಬಂದಿಲ್ಲ. ಎತ್ತಿಕೊಂಡು ಇಳಿಸುತ್ತೇವೆಂದರೂ ಒಪ್ಪುವುದಿಲ್ಲ.

"ಆ ಗ್ವಾಡಿ ಮುಂದ ಹಾದು ನಾ ಇಳಿಯಂಗಿಲ್ಲ. ಸತ್ತ ಮ್ಯಾಲೂ ಇಳಸಬ್ಯಾಡ್ರಿ. ನನ್ನ ಹಣೀನೂ ಅಲ್ಲೇ ಬಡೀತೈತಿ."

ಅಂದಿನಿಂದ ಕಾಕಾ ಹಟಕ್ಕೆ ಬಿದ್ದರು. ಹಿತ್ತಲ ಕಡೆಯಿಂದ ಹೊಸ ಮೆಟ್ಟಿಲು ಕಟ್ಟಬೇಕು, ಅಕ್ಕ ಒಂದಿಷ್ಟೂ ವಾಲದೆ ಇಳಿಯಬೇಕು! ನಕ್ಷೆ ಹಿಡಿದು ನಗರಸಭೆಗೆ ಹೋದರು, ಜೊತೆಗೆ ನಾನು. ಇಂಜಿನಿಯರು ಇನ್ನೂ ಹುಡುಗ, ಸಂಭಾವಿತ. ಮೆಟ್ಟಿಲು ಎಷ್ಟು ಅಗಲವೋ ನಡುವಿನ ಲ್ಯಾಂಡಿಂಗೂ ಅಷ್ಟು ಅಗಲ ಇದ್ದರೆ ಸಾಕು, ನಿಯಮ ಇರುವುದೇ ಹಾಗೆ ಎಂದು ತಿಳಿಸಿ ಹೇಳಿದ.

"ಕುಂತ ಮನಷ್ಯಾನ್ನ ನಾಕು ಮಂದಿ ಹೊತ್ತು ತಿರಗಸಾಕ ಎಷ್ಟು ಬೇಕಂತ ಬರದಾರೇನ್ರಿ ಅದರಾಗ?" ಎಂದರು ಕಾಕಾ.

"ಯಾಕ್ರಿ, ಆರಾಮಿಲ್ಲೇನು ಅವರಿಗಿ?"

"ಸತ್ತಿರತಾರ್ರಿ."

ಇಂಜಿನಿಯರು ಪೆನ್ನಿನ ಟೋಪಿ ಹಾಕಿದ. "ಮಾಸ್ತರ್ರ, ನಿಯಮದಾಗ ಜೀವಂತ ಮಂದೀದಷ್ಟ ಐತ್ರಿ."

ಹಾಗಾದರೆ ಸತ್ತವರ ಅಳತೆಯನ್ನು ನಾವೇ ತೆಗೆಯಬೇಕಲ್ಲ! ನಿಯಮಕ್ಕಿಂತ ಕಡಿಮೆ ಮಾಡಿದರೆ ತಪ್ಪು, ಹೆಚ್ಚು ಮಾಡಿದರೆ ಯಾರು ಕೇಳುತ್ತಾರೆ? ಮುಂದಿನ ಭಾನುವಾರ ನನ್ನನ್ನು ಜಮಖಂಡಿಯಿಂದ ಕರೆಸಿದರು. ಹಿತ್ತಲ ನೆಲದಲ್ಲಿ ಮೆಟ್ಟಿಲು, ತಿರುವು, ಗೋಡೆ ಎಲ್ಲವನ್ನೂ ಸುಣ್ಣದಿಂದ ಬರೆದಾಗಿತ್ತು. ಕುರ್ಚಿಗೆ ಎರಡು ಬಿದಿರು ಕಟ್ಟಿಯಾಗಿತ್ತು. ಕಾಕಾ ಹಣೆತುಂಬ ವಿಭೂತಿ ಬಳಿದುಕೊಂಡು, ಪದ್ಮಾಸನ ಹಾಕಿ, ಕಣ್ಣು ಮುಚ್ಚಿದರು. ನಾವು ನಾಲ್ವರು ಹೊತ್ತೆವು.

"ಏ, ಗ್ವಾಡಿಗಿ ಬಡೀತಲೇ! ಹಿಂದ ಸರೀರಿ!" ಎಂದು ಹೆಣ ಗದರಿತು.

ಅಷ್ಟರಲ್ಲಿ ಬೇಲಿಯಾಚೆಯಿಂದ ಪಕ್ಕದ ಮನೆಯ ಮುದುಕಿ ಇಣುಕಿದಳು. ನೋಡಿದ್ದೇ ತಡ, ಸೆರಗು ಬಾಯಿಗಿಟ್ಟು ಹಾಡಿಕೊಂಡು ಅಳತೊಡಗಿದಳು. ಕಾಕಾ ಕಣ್ಣು ತೆರೆಯಲಿಲ್ಲ. "ಇನ್ನಾ ಆಗಿಲ್ಲಬೇ ಯವ್ವಾ. ಆದಾಗ ಹೇಳಿ ಕಳಸತೇನಿ, ಮನಿಗಿ ಹೋಗು."

ನನಗೆ ರೇಗಿತು. "ಕಾಕಾ, ಹೆಣಾ ಮಾತಾಡತೈತೇನ್ರಿ? ಸುಮ್ಮ ಕೂಡ್ರಿ!"

ಕಾಕಾ ಸುಮ್ಮನಾದರು. ಅದೇ ಹೊತ್ತಿಗೆ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಹಗಲೆಲ್ಲ ಆ ಸದ್ದಿನೊಳಗೇ ಬದುಕುವ ಊರು ಅದು. ನಿಂತಾಗ ಕಿವಿಯೇ ಹೋದ ಹಾಗಾಗುತ್ತದೆ. ಮುಸ್ಸಂಜೆಯ ಮಸುಕಿನಲ್ಲಿ ಕಾಕಾನ ಮುಖದಲ್ಲಿ ವಿಭೂತಿ ಒಂದೇ ಕಾಣುತ್ತಿತ್ತು. ಬಾಯಿ ತುಸು ತೆರೆದಿತ್ತು. ಕರೆದೆ. ಕೈ ಮುಟ್ಟಿದೆ, ತಣ್ಣಗಿತ್ತು! ಹಿಂದಿನಿಂದ ಹೊತ್ತವನು ಮಂತ್ರ ಹೇಳತೊಡಗಿದ. ನಾನು ಅವರ ಮೂಗಿಗೆ ಬೆರಳು ಹಿಡಿಯಲು ಹೋದೆ, ಕುರ್ಚಿ ವಾಲಿತು.

"ವಾಲಸಬ್ಯಾಡ್ರಿ!" ಎಂದು ಚೀರಿದರು ಕಾಕಾ. ಆ ದನಿಯಲ್ಲಿ ತಮಾಷೆ ಇರಲಿಲ್ಲ. ಅಂಥ ದನಿಯನ್ನು ನಾನು ಅವರಿಂದ ಕೇಳಿದ್ದು ಒಂದೇ ಸಲ, ಕಾಕುವನ್ನು ಇಳಿಸುವಾಗ.

ಆಮೇಲೆ ನಾನು ನಗುವುದನ್ನು ಬಿಟ್ಟೆ. ಕರೆದಾಗೆಲ್ಲ ಹೋಗಿ ಹೊತ್ತೆ. ಸುಣ್ಣದ ಗೆರೆ ಒಂದೊಂದು ಸಲಕ್ಕೂ ಹೊರಗೆ ಸರಿಯಿತು. ಕೊನೆಗೆ ಎದ್ದು ನಿಂತ ಲ್ಯಾಂಡಿಂಗ್ ನೋಡಿ ಗೌಂಡಿ, "ಇಲ್ಲಿ ಲಗ್ನದ ಪಂಕ್ತಿ ಕೂಡಸಬಹುದ್ರಿ" ಎಂದ. ಕಾಕಾ ಅದರ ಗೋಡೆಗೂ ನೀಲಿ ಬಣ್ಣವನ್ನೇ ಹೊಡೆಸಿದರು.

ಬಣ್ಣ ಇನ್ನೂ ಹಸಿಯಿರುವಾಗಲೇ ಕರೆ ಬಂತು. ಕುರ್ಚಿ ಈ ಸಲ ಮೇಲಿನ ಕೋಣೆಯಲ್ಲೇ ಇತ್ತು. ಏರಿ ಹೋಗಿ ನೋಡಿದರೆ ಅದರಲ್ಲಿ ಅತ್ತಿ! ಹಣೆಗೆ ವಿಭೂತಿ, ಮೈಮೇಲೆ ಇಳಕಲ್ ಸೀರೆ, ಕಣ್ಣು ಮುಚ್ಚಿದ್ದರು. ನಾನು ಹೊಸ್ತಿಲಿನಿಂದ ಹಿಂದೆ ಸರಿದೆ.

"ಅಂಜಬ್ಯಾಡಲೇ, ಜೀವಾ ಐತಿ," ಎಂದರು ಅತ್ತಿ. "ಗ್ವಾಡಿ ಬಂದಾಗ ನೋಡಬಾರದಂತ ಕಣ್ಣ ಮುಚ್ಚೇನಿ."

ಸತ್ತ ಮೇಲೆ ಇಳಿಸಲಿಕ್ಕೆ ಇಷ್ಟೆಲ್ಲ ಎಂದು ನಾವು ತಿಳಿದಿದ್ದೆವು. ಕಾಕಾ ಅಕ್ಕನನ್ನು ಬದುಕಿದ್ದಾಗಲೇ ಇಳಿಸಹೊರಟಿದ್ದರು! ಹೊತ್ತು ಇಳಿದೆವು. ತಿರುವಿನಲ್ಲಿ ಕುರ್ಚಿ ನೆಟ್ಟಗೆ ತಿರುಗಿತು, ಇನ್ನೊಂದು ಕುರ್ಚಿ ತಿರುಗುವಷ್ಟು ಜಾಗ ಆಮೇಲೂ ಉಳಿದಿತ್ತು. ಆದರೂ ಕಾಕಾ ಪಕ್ಕದಲ್ಲಿ ಅಡ್ಡಡ್ಡ ನಡೆಯುತ್ತ, ಅಕ್ಕನ ಹಣೆಗೂ ಗೋಡೆಗೂ ನಡುವೆ ತಮ್ಮ ಅಂಗೈ ಹಿಡಿದಿದ್ದರು.

ದಾಟಿದ ಮೇಲೆ ಹಿಂದೆ ಉಳಿದು, ಖಾಲಿ ಗೋಡೆಯ ಕಡೆ ತಿರುಗಿ, ಮೆಲ್ಲಗೆ ಅಂದರು: "ನೋಡಿದೇನ? ಈಕೀಗಿ ಬಡೀಲಿಲ್ಲ."

ಅತ್ತಿ ಬಾಗಿಲಲ್ಲಿ ಕೂತು ಸಂಜೆಯವರೆಗೆ ಓಣಿ ನೋಡಿದರು. ದೀಪ ಹಚ್ಚುವ ಹೊತ್ತಿಗೆ ಮತ್ತೆ ಮೇಲಕ್ಕೆ ಹೊತ್ತೆವು. ಏರುವಾಗಲೂ ಕಾಕಾನ ಕೈ ಅಲ್ಲೇ ಇತ್ತು. ಕೈಯ ಹಿಂಬದಿ ತುಂಬ ಹಸಿ ನೀಲಿ ಬಣ್ಣ ಹತ್ತಿತ್ತು.