ಖುದ್ದು ಹಾಜರಾತಿಯ ಮಹಿಮೆಯನ್ನು ಫೋನಿನಲ್ಲಿ ವಿವರಿಸಿದ ಅಧ್ಯಕ್ಷರಿಗೆ

ಮಲೆಸೀಮೆ ಜನಪಕ್ಷದ ಜಿಲ್ಲಾಧ್ಯಕ್ಷರೆಂದು ಈಗಲೂ ಲೆಟರ್‌ಹೆಡ್ಡಿನಲ್ಲಿ ಬೆಳಗುತ್ತಿರುವ ದಾಸನಕೊಪ್ಪದ ಶ್ರೀ ಕೆರಿಯಪ್ಪನವರ ಸನ್ನಿಧಿಗೆ,

ಮಾನ್ಯರೇ,

ಯಲ್ಲಾಪುರ ತಾಲೂಕಿನ ಮಾಗೋಡು ಭಾಗದ ಸಂಚಾಲಕಿ ಪರಿಮಳಾ ಹೆಗಡೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಬಲಗಾಲಿಗೆ ಪ್ಲಾಸ್ಟರು ಬಿದ್ದಿರುವುದರಿಂದ ಎಂಟು ಅಂಗಗಳಲ್ಲಿ ಒಂದು ಸದ್ಯ ಬಾಗುತ್ತಿಲ್ಲ. ದಯಮಾಡಿ ಉಳಿದ ಏಳನ್ನು ಸ್ವೀಕರಿಸಬೇಕು. ತಮ್ಮ ಭಾವಚಿತ್ರವಿದ್ದ ಬ್ಯಾನರನ್ನು ಕಟ್ಟಲು ಸ್ಟೂಲು ಹತ್ತಿ ನಾನು ಕೆಳಗೆ ಬೀಳುವಾಗಲೂ ಬ್ಯಾನರಿನಲ್ಲಿದ್ದ ತಾವು ನಗುತ್ತಲೇ ಇದ್ದಿರಿ. ನಾಯಕನಲ್ಲಿ ಅಂಥ ಸ್ಥಿತಪ್ರಜ್ಞತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಾಗೋಡು ಭಾಗಕ್ಕೆ ಪಕ್ಷದ ಸಮಾವೇಶದಲ್ಲಿ ಹತ್ತು ಪ್ರತಿನಿಧಿ ಸ್ಥಾನಗಳಿವೆ, ಹತ್ತೂ ಹೆಂಗಸರೇ. ಆದರೆ ಶಿರಸಿಯಲ್ಲಿ ಸಮಾವೇಶ ಮುಗಿಯುವ ಹೊತ್ತಿಗೆ ನಮ್ಮೂರಿನ ಬಸ್ಸು ಹೋಗಿರುತ್ತದೆ, ಆದ್ದರಿಂದ ಆರು ವರ್ಷಗಳಿಂದ ಬಂದು ಕೂತವಳು ನಾನೊಬ್ಬಳೇ. ಈ ಸಲ ಸದಸ್ಯತ್ವದ ಚೀಟಿ ಹಿಡಿದು ಹೋದಾಗ, ಉಳಿದ ಒಂಬತ್ತು ಮಂದಿಯಲ್ಲಿ ಒಬ್ಬಳಾದ ದೇವಿ ಸಗಣಿ ಕೈಯಲ್ಲೇ ನಿಂತು, "ಚೀಟಿ ಮಾತ್ರ ನಮ್ದು, ಮಾತೆಲ್ಲ ಅವ್ರದ್ದು. ಎಂತಕ್ಕೆ ಬೇಕು ಪರಿಮಳಕ್ಕ?" ಎಂದಳು. ಹಾಗಾಗಿಯೇ, ಬರಲಾಗದವರು ಫೋನಿನಲ್ಲಿ ಭಾಗವಹಿಸಿ ಮತ ಹಾಕಬಹುದೆಂಬ ಠರಾವನ್ನು ಬರೆದು ತಮಗೆ ಕಳಿಸಿದೆ.

ತಾವು ಎಷ್ಟು ಉದಾರಿಗಳೆಂದರೆ ಅದನ್ನು ಚರ್ಚೆಗೆ ಸ್ವೀಕರಿಸಿದಿರಿ. ದೂರದಿಂದ ಭಾಗವಹಿಸುವ ಬಗೆಗಿನ ಠರಾವನ್ನು ಮಂಡಿಸುವವರು ಖುದ್ದಾಗಿ ಹಾಜರಿರತಕ್ಕದ್ದು, ತಪ್ಪಿದಲ್ಲಿ ಠರಾವು ಬಿದ್ದುಹೋಗುವುದು ಎಂದು ಮಾತ್ರ ಷರತ್ತು ಹಾಕಿದಿರಿ. ಕಾಲನ್ನು ಮನೆಯಲ್ಲಿ ಬಿಟ್ಟು ಉಳಿದ ಭಾಗ ಹಾಜರಾದರೆ ಸಾಕೇ ಎಂದು ಕೇಳಿ ಬರೆದದ್ದಕ್ಕೆ ತಮ್ಮಿಂದ ಉತ್ತರ ಬರಲಿಲ್ಲ.

ಕೊನೆಗೆ ಪಕ್ಕದ ಮನೆಯ ಉಲ್ಲಾಸ ತನ್ನ ಗೂಡ್ಸ್ ಗಾಡಿಯಲ್ಲಿ ಆರಾಮಕುರ್ಚಿ ಇಟ್ಟು, ಅದರಲ್ಲಿ ನನ್ನನ್ನು ಕೂರಿಸಿ, ಹಗ್ಗ ಬಿಗಿದ. "ಪರಿಮಳಕ್ಕಾ, ಹೆದ್ರಡ, ಎರಡು ಸುತ್ತು ಹಾಕಿದ್ದೆ" ಎಂದ. ನಾನು, "ಕುರ್ಚಿಗೆ ಹಾಕಿದ್ಯ, ಎನಗೆ ಹಾಕಿದ್ಯ?" ಎಂದು ಕೇಳುವಷ್ಟರಲ್ಲಿ ಗಾಡಿ ಹೊರಟೇಬಿಟ್ಟಿತು. ಕೈಯಲ್ಲಿ ಪಕ್ಷದ ಬಾವುಟವಿತ್ತು. ಯಲ್ಲಾಪುರ ಪೇಟೆಯಲ್ಲಿ ಜನ ಇದನ್ನು ಚುನಾವಣಾ ಮೆರವಣಿಗೆಯೆಂದೇ ತಿಳಿದರು. ಒಬ್ಬರು ಬೀದಿದೀಪದ ಬಗ್ಗೆ ಮನವಿ ಕೊಟ್ಟರು, ಇನ್ನೊಬ್ಬರು ಹೂವಿನ ಮಾಲೆ ಎಸೆದರು, ಅದು ಸರಿಯಾಗಿ ಪ್ಲಾಸ್ಟರಿಗೇ ಬಿತ್ತು. ಮಾನ್ಯರೇ, ಪಕ್ಷದ ಇತಿಹಾಸದಲ್ಲಿ ಒಂದು ಕಾಲಿಗೆ ಅಷ್ಟು ಗೌರವ ಸಂದದ್ದು ಅದೇ ಮೊದಲಿರಬೇಕು.

ಶಿರಸಿಯ ಸಭಾಭವನವಿರುವುದು ಮಹಡಿಯ ಮೇಲೆ. ನಾಲ್ವರು ಪ್ರತಿನಿಧಿಗಳು ನನ್ನನ್ನು ಕುರ್ಚಿಯ ಸಮೇತ ಹೊತ್ತು ಇಪ್ಪತ್ತಾರು ಮೆಟ್ಟಿಲು ಹತ್ತಿಸಿದರು. ನಾಲ್ವರೂ ನನ್ನ ಠರಾವಿನ ಕಟ್ಟಾ ವಿರೋಧಿಗಳು. ಮೇಲೆ ಹೋಗಿ ನೋಡಿದರೆ ವೇದಿಕೆಯಲ್ಲಿ ತಾವೇ ಇರಲಿಲ್ಲ! ದಾಸನಕೊಪ್ಪದ ರಸ್ತೆಗೆ ಮರ ಬಿದ್ದು ತಮ್ಮ ಕಾರು ಆಚೆ ಕಡೆ ಸಿಕ್ಕಿಹಾಕಿಕೊಂಡಿತ್ತಂತೆ. ಕಾರ್ಯದರ್ಶಿ ಆನಂದ ತನ್ನ ಮೊಬೈಲಿನ ಸ್ಪೀಕರ್ ಹಾಕಿ, ಅದನ್ನು ಮೈಕಿನೆದುರು ಹಿಡಿದು ನಿಂತ. ಸಭೆ ಎದ್ದು ನಿಂತು ಮೊಬೈಲಿಗೆ ಚಪ್ಪಾಳೆ ತಟ್ಟಿತು. ಮೊದಲ ಕಲಾಪವಾಗಿ ತಮ್ಮನ್ನು ಮತ್ತೆ ಅವಿರೋಧವಾಗಿ ಅಧ್ಯಕ್ಷರನ್ನಾಗಿ ಆರಿಸಿ, ಮಾಲೆಯನ್ನು ಮೊಬೈಲಿಗೇ ಹಾಕಲಾಯಿತು. ಹೂವು ತಾಗಿ ಕರೆ ಕಟ್ಟಾಯಿತು, ಮತ್ತೆ ಹಚ್ಚಬೇಕಾಯಿತು.

ಆಮೇಲೆ ನನ್ನ ಠರಾವಿನ ವಿರುದ್ಧ ತಾವು ಇಪ್ಪತ್ತೆರಡು ನಿಮಿಷ ಮಾತಾಡಿದಿರಿ. "ಪಕ್ಷ ಅಂದ್ರ ಎದುರಾಬದುರಾ ಕುಂತು ಮಾತಾಡೋದ್ರಿ! ಫೋನಿನ್ಯಾಗ ಯಾರ ಮುಖ ಯಾರಿಗೆ ಕಾಣ್ತೈತ್ರಿ? ಕಾರ್ಯಕರ್ತನ ಕಣ್ಣಾಗ ಕಣ್ಣಿಟ್ಟು ನೋಡ್ಬೇಕ್ರಿ!" ಎಂದು ತಾವು ಗುಡುಗುವಾಗ ಐವತ್ತಾರು ಪ್ರತಿನಿಧಿಗಳು ಮೊಬೈಲಿನ ಕಣ್ಣಿನಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ನಡುವೆ ಒಮ್ಮೆ, "ಇನ್ನೆರಡು ಮಿರ್ಚಿ ಹಾಕ್ರಿ, ಬಿಸೀವು" ಎಂದೂ ಕೇಳಿಬಂತು. ತಮ್ಮ ಒಂದು ಮಾತನ್ನೂ ಬಿಡದ ಆನಂದ ಅದನ್ನೂ ನಡಾವಳಿಯಲ್ಲಿ ಬರೆದುಕೊಂಡ.

ಮತಕ್ಕೆ ಹಾಕಿದಾಗ ಪರ ಇಪ್ಪತ್ತೆಂಟು, ವಿರೋಧ ಇಪ್ಪತ್ತೆಂಟು. ನಿರ್ಣಾಯಕ ಮತ ತಮ್ಮದು. "ನಂದು ವಿರೋಧ ಬರಕೋರಿ" ಎಂದಿರಿ. ಗೋಡೆ ಹಿಡಿದು ಒಂಟಿಕಾಲಿನಲ್ಲಿ ಎದ್ದೆ. ಒಳಗೊಳಗೇ ನಗು ಬರುತ್ತಿತ್ತು. "ಫೋನಿನಲ್ಲಿ ಹಾಕಿದ ಮತ ಸಿಂಧುವೋ ಅಲ್ಲವೋ, ಮೊದಲು ಅದನ್ನು ತೀರ್ಮಾನಿಸಿ" ಎಂದೆ. ತಮ್ಮ ದನಿ ಕೆರಳಿತು: "ನನ್ನ ಓಟಿನ ಮ್ಯಾಲ ಅನುಮಾನೇನ್ರಿ? ಫೋನಿನ್ಯಾಗಿದ್ರ ಏನಾತು, ನಾನು ನಾನ ಅಲ್ಲೇನ್ರಿ?"

ಅಧ್ಯಕ್ಷರಿಗೆ ಅವಮಾನವಾಯಿತೆಂದು ಸಭೆ ಗಾಬರಿಯಾಯಿತು. ದೂರದಲ್ಲಿರುವ ಪ್ರತಿನಿಧಿ ಫೋನಿನಲ್ಲಿ ಹಾಕುವ ಮತ ಸಿಂಧು ಎಂಬ ತೀರ್ಮಾನವನ್ನು ನಾನೇ ಬಾಯಲ್ಲಿ ಹೇಳಿ ಬರೆಸಿದೆ. ಐವತ್ತಾರು ಕೈಗಳು ಒಮ್ಮೆಲೇ ಮೇಲೆದ್ದವು, ತಾವು ಅತ್ತ ಕಡೆಯಿಂದ "ಹೌದ್ರಿ, ಹಂಗ ಬರೀರಿ" ಎಂದಿರಿ. ಆನಂದ ಬರೆದು ಗೆರೆ ಎಳೆದ. ಆಗ ನಾನು ಚೀಲದಿಂದ ನನ್ನ ಫೋನು ತೆಗೆದು ಮಾಗೋಡಿನ ಒಂಬತ್ತು ಪ್ರತಿನಿಧಿಗಳಿಗೆ ಒಬ್ಬೊಬ್ಬರಾಗಿ ಕರೆ ಮಾಡಿದೆ. ಮೊದಲು ಸಿಕ್ಕವಳು ದೇವಿ. "ನಾ ಇಲ್ಲಿ ಕೊಟ್ಟಿಗೇಲಿ ಕೈ ಎತ್ತಿ ನಿಂತಿದ್ದೆ ಪರಿಮಳಕ್ಕ, ಕಾಣ್ತದ್ಯಾ?" ಎಂದು ಅವಳು ಕೂಗಿದ್ದು ಇಡೀ ಸಭೆಗೆ ಕೇಳಿತು. ವಿರೋಧಿಗಳು ಕೂಡ ನಕ್ಕು ಕಣ್ಣೊರೆಸಿಕೊಂಡರು. ತಮ್ಮ ಮತವನ್ನೂ ಗೌರವದಿಂದ ಸೇರಿಸಿಕೊಂಡು ಎಣಿಸಿದಾಗ ಠರಾವಿನ ಪರ ಮೂವತ್ತೇಳು, ವಿರೋಧ ಇಪ್ಪತ್ತೊಂಬತ್ತು. ತಾವು "ಹಲೋ, ಹಲೋ, ಕೇಳಸವಲ್ದು" ಎಂದಿರಿ. ನಮಗೆ ಮಾತ್ರ ಬಾಣಲೆಯ ಚುಯ್ ಎನ್ನುವ ಸದ್ದಿನವರೆಗೆ ಎಲ್ಲವೂ ಸ್ಪಷ್ಟವಾಗಿಯೇ ಕೇಳುತ್ತಿತ್ತು.

ನನ್ನ ದೂರು ಮರುದಿನ ಬೆಳಿಗ್ಗೆ ವಾಟ್ಸಾಪಿಗೆ ಬಂದ ತಮ್ಮ ಧ್ವನಿ ಸಂದೇಶದ ಕುರಿತು. ಅಧ್ಯಕ್ಷರು ಖುದ್ದಾಗಿ ಇಲ್ಲದ್ದರಿಂದ ಹಿಂದಿನ ದಿನದ ಸಭೆಯೇ ಅಸಿಂಧು ಎಂದು ತಾವು ಅದರಲ್ಲಿ ಅಪ್ಪಣೆ ಕೊಡಿಸಿದ್ದೀರಿ. ತಮ್ಮ ಮಾತನ್ನು ಮೀರುವವಳು ನಾನಲ್ಲ, ಸಭೆ ಅಸಿಂಧುವೇ ಸರಿ. ಆದರೆ ಹಾಗಾದಾಗ ಅದೇ ಸಭೆಯಲ್ಲಿ ನಡೆದ ತಮ್ಮ ಆಯ್ಕೆಯೂ ಅಸಿಂಧುವಾಗುತ್ತದೆ, ಹಳೆಯ ಅವಧಿಯಂತೂ ಅಂದೇ ಮುಗಿದಿತ್ತು. ಹಾಗಿದ್ದರೆ ಸಂದೇಶ ಕಳಿಸಿದವರು ಯಾರು? ತಮ್ಮ ಹೆಸರು ಕೆಡಿಸಲು ಯಾರೋ ತಮ್ಮ ದನಿಯನ್ನು ಅನುಕರಿಸಿರಬೇಕು. ಪೊಲೀಸರಿಗೆ ದೂರು ಕೊಟ್ಟು ಆ ಕಿಡಿಗೇಡಿಯನ್ನು ತಾವೇ ಹಿಡಿಸಿಕೊಡಬೇಕೆಂದು ಪ್ರಾರ್ಥನೆ. ಅದು ಕಷ್ಟವಾದರೆ ಶಿರಸಿಯನ್ನು ಮಾಗೋಡಿನ ಪಕ್ಕಕ್ಕೆ ತಂದಿಟ್ಟರೂ ಆದೀತು.

ಅಧ್ಯಕ್ಷ ಸ್ಥಾನ ಖಾಲಿ ಬಿದ್ದಾಗ ಕಾರ್ಯದರ್ಶಿ ಸಭೆ ಕರೆಯಬೇಕೆಂದು ಪಕ್ಷದ ನಿಯಮವೇ ಹೇಳುತ್ತದಂತೆ. ಎಲ್ಲಿ, ಹೇಗೆ ಕೂಡಬೇಕೆಂದು ಮಾತ್ರ ಅದು ಹೇಳುವುದಿಲ್ಲವಂತೆ. ಆನಂದ ಕಳೆದ ಭಾನುವಾರ ಎಲ್ಲರನ್ನೂ ಫೋನಿನಲ್ಲೇ ಕೂಡಿಸಿದ. ತಮ್ಮ ಫೋನು ಮಾತ್ರ ವ್ಯಾಪ್ತಿಯ ಹೊರಗಿತ್ತು. ಯಾರಾಗಬೇಕು ಎಂದಾಗ, ನನ್ನನ್ನು ಹೊತ್ತು ಮೆಟ್ಟಿಲು ಹತ್ತಿಸಿದವರಲ್ಲೇ ಒಬ್ಬರು, "ಆ ದಿನ ಕೊಟ್ಟಿಗೇಲಿ ಕೈ ಎತ್ತಿ ನಿಂತಿದ್ರಲ್ಲ, ಅವರೇ ಆಗ್ಲಿ" ಎಂದರು. ಎದುರಾಡಿದವರಿಲ್ಲ. ದೇವಿಯ ಫೋನಿನಲ್ಲಿ ಎಮ್ಮೆಯ ಸರಪಳಿಯ ಸದ್ದು ಕೇಳಿತು. ಆಮೇಲೆ, "ನಮ್ಮನ್ನ ಕೇಳಿದ್ರಲ್ಲ, ಸಾಕು" ಎಂದಳು. ಸಭೆ ಮುಗಿದ ಮೇಲೂ ಯಾರೂ ಫೋನು ಇಡಲಿಲ್ಲ.

ತಮ್ಮ ದನಿಯನ್ನು ಎಲ್ಲಿದ್ದರೂ ಗುರುತಿಸಬಲ್ಲ, ತಮ್ಮ ವಿಶ್ವಾಸಿ,
ಪರಿಮಳಾ ಹೆಗಡೆ
ಮಾಗೋಡು

ವಿ.ಸೂ.: ಹೊಸ ಅಧ್ಯಕ್ಷೆಯನ್ನು ಅಭಿನಂದಿಸಲು ಕರೆ ಮಾಡುವುದಾದರೆ ಹಾಲು ಕರೆಯುವ ಹೊತ್ತು ಬಿಟ್ಟು ಮಾಡಬೇಕಾಗಿ ವಿನಂತಿ. ಎದುರಿನವರ ದನಿ ಅಡಗಿಸುವ ಗುಂಡಿ ಎಲ್ಲಿದೆಯೆಂದು ಅವಳಿಗೆ ತೋರಿಸಿಕೊಟ್ಟಿದ್ದೇನೆ. ಒಂದೇ ಸಲಕ್ಕೆ ಕಲಿತಳು.