ಸಾವು ಓದುವವನ ವಿಚಾರಣೆ

ಇದನ್ನು ಹೇಳಲು ನಾನು ತಕ್ಕವನಲ್ಲ. ನಮ್ಮ ಊರು ಕುಮಾಸಿಯಲ್ಲಿ ನನಗಿಂತ ಚೆನ್ನಾಗಿ ಹೇಳಬಲ್ಲವರು ಇದ್ದಾರೆ. ಆದರೆ ಅವರೆಲ್ಲ ಆ ದಿನ ಸಾಕ್ಷಿ ಹೇಳಿದವರು, ಈಗ ಬಾಯಿ ಬಿಡುತ್ತಿಲ್ಲ. ಹೇಳುವುದರಲ್ಲಿ ತಪ್ಪಾದರೆ ದಯವಿಟ್ಟು ಮನ್ನಿಸಬೇಕು.

ಬಾಫೂರ್ ಸಾರ್ಫೋ ನಮ್ಮ ಊರಿನ ಟೀವಿಯಲ್ಲಿ ಸಾವಿನ ಸುದ್ದಿ ಓದುವವನು. ಯಾರು ಸತ್ತರೂ ಮನೆಯವರು ದೇಹವನ್ನು ಶವಾಗಾರದ ತಂಪಿನಲ್ಲಿಟ್ಟು, ಸಾರ್ಫೋನ ಬಾಯಲ್ಲಿ ಹೆಸರು ಹೇಳಿಸಿ, ಶನಿವಾರ ಕಪ್ಪು ಕೆಂಪು ಬಟ್ಟೆ ಉಟ್ಟು ಕುಣಿದು ಮಣ್ಣು ಮಾಡುತ್ತಿದ್ದರು. ಸಾರ್ಫೋ ಓದುವವರೆಗೆ ಸತ್ತವನು ಪೂರ್ತಿ ಸತ್ತಂತಲ್ಲ. ಆ ಓದು ಆಕಾಶಕ್ಕೂ ಹೋಗುತ್ತದೆಂದು ಯಾರಿಗೂ ಹೊಳೆದಿರಲಿಲ್ಲ.

ಬುಧವಾರ ಬೆಳಿಗ್ಗೆ ಅವನು ಬಾಗಿಲಲ್ಲಿ ಕೂತು ಗಂಜಿ ಕುಡಿಯುತ್ತಿದ್ದಾಗ ಬಂಟಾಮ ಬಡಾವಣೆಯ ಶಾಲೆಯ ಮೈದಾನದಲ್ಲಿ ಆಕಾಶದಿಂದ ಅವು ಇಳಿದವು. ಮಡಚಿಟ್ಟ ಒದ್ದೆ ಛತ್ರಿಗಳು ತಾವಾಗಿಯೇ ಎದ್ದು ನಿಂತಂತೆ ಇದ್ದವು. ನೇರವಾಗಿ ಸಾರ್ಫೋನ ಅಂಗಳಕ್ಕೇ ಬಂದವು. ಮುಂದಿದ್ದ ಹಿರಿಯ ಛತ್ರಿ ಬಾಗಿ ಹೇಳಿತು:

"ತೀವ್ರ ವಿಷಾದದಿಂದಲೂ ದೇವರ ಇಚ್ಛೆಗೆ ತಲೆಬಾಗಿಯೂ ತಿಳಿಯಪಡಿಸುತ್ತೇವೆ: ಶುಭೋದಯ."

"ಅಯ್ಯೋ, ಇದು ನಿಂದೇ ದನಿ ಕಣೋ ಸಾರ್ಫೋ!" ಎಂದು ಪಕ್ಕದ ಮನೆಯ ಪೊಕುವಾ ಕೂಗಿದಳು. ಅವಳು ಬೇಯಿಸಿದ ಗೆಣಸು ಕುಟ್ಟಿ ಫುಫು ಎಂಬ ಮುದ್ದೆ ಮಾಡಿ ಮಾರುವವಳು. ಕೈಯಲ್ಲಿದ್ದ ಒನಕೆ ಕಾಲ ಮೇಲೆ ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ.

ಛತ್ರಿ ಮುಂದುವರಿಸಿತು: "ನಿಮ್ಮ ಟೀವಿಯನ್ನು ಬಹುಕಾಲದಿಂದ ನೋಡುತ್ತಿದ್ದೇವೆ. ನಾಟಕಗಳಲ್ಲಿ ಸತ್ತವರು ಮುಂದಿನ ವಾರ ಬೇರೆ ನಾಟಕದಲ್ಲಿ ನಗುತ್ತಾರೆ. ಈ ಮನುಷ್ಯ ಹೆಸರು ಹೇಳಿದವರು ಮಾತ್ರ ಮರಳುವುದಿಲ್ಲ. ನಮ್ಮಲ್ಲಿ ಯಾರೂ ಸಾಯುವುದಿಲ್ಲ. ಇವನನ್ನು ನಿಲ್ಲಿಸಿದರೆ ಇಲ್ಲಿಯೂ ಸಾವು ನಿಲ್ಲುತ್ತದೆ."

ನಿಲ್ಲಿಸುವುದೆಂದರೆ ಹೇಗೆಂದು ತೋರಿಸಲು ಅದು ಮಾವಿನ ಮರದ ಕಡೆಗೆ ತಿರುಗಿತು. ಮರವೂ ಅದರ ನೆರಳಲ್ಲಿ ಮಲಗಿದ್ದ ಮೇಕೆಯೂ ಒಂದು ಹಿಡಿ ಬೂದಿಯಾದವು. ಸಾರ್ಫೋನ ಬಾಯಲ್ಲಿದ್ದ ಗಂಜಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ಇವನ ಪರ ಸಾಕ್ಷಿ ಹೇಳುವವರು ಇದ್ದಾರೆಯೆ?"

ಬೀದಿಯೇ ಸೇರಿತ್ತು. ಪೊಕುವಾ ಸೆರಗು ಕಟ್ಟಿ ಮುಂದೆ ಬಂದಳು. "ಇವನಾ ಕೊಲೆಗಾರ? ಚಿನ್ನದಂಥ ಹುಡುಗ! ನಮ್ಮಪ್ಪನ್ನ ಎಷ್ಟು ಚೆನ್ನಾಗಿ ಕಳಿಸಿಕೊಟ್ಟ ಗೊತ್ತಾ?"

"ಕಳಿಸು ಎಂದವರು ಯಾರು?"

"ನಾನೇ, ಇನ್ಯಾರು? ನಮ್ಮಣ್ಣ ಮುಂದಿನ ತಿಂಗಳು ಕಳಿಸೋಣ ಅಂದ. ಆಗಲ್ಲ, ಈ ಶನಿವಾರವೇ ಮುಗಿಸಬೇಕು ಅಂತ ಹಟ ಹಿಡಿದು ಕೂತೆ."

ಛತ್ರಿಗಳು ಒಟ್ಟಿಗೆ ನಡುಗಿದವು. ಸಾರ್ಫೋ ಕಣ್ಸನ್ನೆ ಮಾಡಿದ. ಅದನ್ನು ನಿವೃತ್ತ ವಿಜ್ಞಾನ ಮೇಷ್ಟ್ರು ಅಡೊಮಾಕೊ ತಮಗೇ ಕೊಟ್ಟ ಕರೆ ಎಂದುಕೊಂಡರು.

"ಒಬ್ಬ ಅಪ್ಪನ್ನ ಕಳಿಸಿದ್ದಕ್ಕೆ ಇಷ್ಟು ಜಂಬವಾ? ನಮ್ಮತ್ತೇನ ಮೂರು ತಿಂಗಳು ಫ್ರಿಜ್ಜಲ್ಲಿ ಇಟ್ಟಿದ್ವಿ, ಲಂಡನ್ನಿಂದ ಮಗ ಬರ್ಲಿ ಅಂತ. ಆಮೇಲೆ ನೋಡಬೇಕಿತ್ತು, ಜನ ಕುಣಿದೂ ಕುಣಿದೂ ಸುಸ್ತಾಗಿ ಬಿದ್ರು!"

"ಮೇಷ್ಟ್ರೇ, ಬಾಯಿ ಮುಚ್ರೀ! ನಿಮ್ಮತ್ತೆ ವಿಷಯ ಸಾಯ್ಲಿ!" ಎಂದ ಸಾರ್ಫೋ.

"ಇನ್ನೊಮ್ಮೆ ಸಾಯಬೇಕೆ?" ಎಂದು ಛತ್ರಿ ಕೇಳಿತು.

ಅಷ್ಟರಲ್ಲಿ ಟೀವಿ ಕೇಂದ್ರದ ಮ್ಯಾನೇಜರ್ ಒಪೊಕು ಓಡಿಬಂದ. ಏದುಸಿರು ಬಿಡುತ್ತಲೇ ಬುದ್ಧಿವಂತಿಕೆಯ ಮಾತು ಆಡಿದ: "ಸ್ವಾಮಿ, ಇವನದೇನೂ ಇಲ್ಲ. ಮನೆಯೋರು ಹೆಸರು ಕೊಡ್ತಾರೆ, ಇವನು ಓದ್ತಾನೆ. ಇವನು ಬರೀ ಬಾಯಿ."

ಛತ್ರಿಗಳು ಗುಂಪಾಗಿ ಪಿಸುಗುಟ್ಟಿದವು. ಹಿರಿಯದು ತಿರುಗಿ ಹೇಳಿತು: "ಬಾಯಿ ನಿರಪರಾಧಿ."

ಬೀದಿ ಕೇಕೆ ಹಾಕಿತು. ಪೊಕುವಾ ಸಾರ್ಫೋನನ್ನು ತಬ್ಬಿಕೊಂಡಳು. ಛತ್ರಿ ಇನ್ನೂ ಮಾತು ಮುಗಿಸಿರಲಿಲ್ಲ.

"ಹೆಸರು ಕೊಟ್ಟವರೇ ಕೊಲೆಗಾರರು. ತಾವಾಗಿಯೇ ಒಪ್ಪಿಕೊಂಡಿದ್ದಾರೆ. ಶಿಕ್ಷೆ ಈ ಊರಿನ ಪದ್ಧತಿಯಂತೆಯೇ ಆಗಲಿ. ಸಂಜೆ ಬಾಯಿ ಅವರ ಹೆಸರು ಓದಲಿ. ಶನಿವಾರದೊಳಗೆ ಅವರು ಸಾಯದಿದ್ದರೆ ನಾವು ನೆರವಾಗುತ್ತೇವೆ." ಅದು ಬೂದಿಯ ಕಡೆ ನೋಡಿತು.

ಸಂಜೆಯ ಹೊತ್ತಿಗೆ ಸ್ಟುಡಿಯೋ ಕಿಕ್ಕಿರಿದಿತ್ತು. ಗಾಜಿನ ಆಚೆ ಛತ್ರಿಗಳು, ಈಚೆ ನೆರೆಹೊರೆಯವರು.

"ಓದೋದ್ರಿಂದ ಯಾರೂ ಸಾಯಲ್ಲ ಅಂತ ನಂಗೂ ಗೊತ್ತು, ಮಗಾ. ಆದ್ರೂ ನನ್ನ ಹೆಸರು ಬೇಡ," ಎಂದಳು ಪೊಕುವಾ.

"ಜೀವನವೆಲ್ಲ ವಿಜ್ಞಾನ ಪಾಠ ಮಾಡಿದೋನು ನಾನು," ಎಂದರು ಅಡೊಮಾಕೊ. "ನೀನು ಹೆಸರು ಓದಿದೋರು ಯಾರೂ ಎದ್ದು ಬಂದಿಲ್ಲ ಕಣಯ್ಯಾ. ಬೇಡ."

ಕೆಂಪು ದೀಪ ಹತ್ತಿತು. ಸಾರ್ಫೋಗೆ ತ್ಯಾಗದ ಆಸೆ ಇರಲಿಲ್ಲ. ಮನೆಗೆ ಹೋಗಿ ಉಳಿದ ಗಂಜಿ ಕುಡಿಯುವ ಆಸೆಯಿತ್ತು. ಪೊಕುವಾಳ ಮುಖ ನೋಡಿದ, ಮೇಷ್ಟ್ರ ಮುಖ ನೋಡಿದ. ಯಾವ ಹೆಸರೂ ನಾಲಿಗೆಗೆ ಬರಲಿಲ್ಲ. ಕೊನೆಗೆ ಹೇಳಲು ಉಳಿದಿದ್ದ ಒಂದೇ ಒಂದು ಹೆಸರು ಬಂತು.

"ತೀವ್ರ ವಿಷಾದದಿಂದ ತಿಳಿಯಪಡಿಸುತ್ತೇವೆ. ಬಾಫೂರ್ ಸಾರ್ಫೋ..."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅಭ್ಯಾಸಬಲ ಬಿಡಲಿಲ್ಲ. "ಅಂತ್ಯಕ್ರಿಯೆ ಶನಿವಾರ, ಬಂಟಾಮ ಶಾಲೆಯ ಮೈದಾನದಲ್ಲಿ. ಎಲ್ಲರಿಗೂ ಸ್ವಾಗತ," ಎಂದೂ ಸೇರಿಸಿಬಿಟ್ಟ.

ಛತ್ರಿಗಳು ತಲೆಬಾಗಿದವು. "ಎಲ್ಲರ ಬದಲು ಬಾಯಿಯೇ ಹೋಗುತ್ತದೆ. ಇನ್ನು ಇಲ್ಲಿ ಸಾವಿಲ್ಲ. ಉಳಿದವರ ಶಿಕ್ಷೆ ರದ್ದು."

ಇನ್ನು ಇವು ಹೊರಡುತ್ತವೆ ಎಂದುಕೊಂಡು ಸಾರ್ಫೋ ಕಿಟಕಿಗೆ ಓಡಿದ. ಅವು ಹೊರಡಲಿಲ್ಲ. ಮೈದಾನಕ್ಕೆ ಹೋಗಿ ಸಾಲಾಗಿ ಕೂತವು. ಎಲ್ಲರಿಗೂ ಸ್ವಾಗತ ಎಂದಿದ್ದನಲ್ಲ.

ಮನೆಗೆ ಬಂದರೆ ಪೊಕುವಾ ಕಪ್ಪು ಬಟ್ಟೆ ಅಳೆಯುತ್ತಿದ್ದಳು. ಒಪೊಕು ಸಾವು ಓದಲು ಹೊಸಬನ ದನಿ ಪರೀಕ್ಷಿಸಲು ಹೋಗಿದ್ದ.

"ಬರೀ ಒಂದು ಶನಿವಾರ ಕಣಯ್ಯಾ," ಎಂದು ಅಡೊಮಾಕೊ ಬೆನ್ನು ಸವರಿದರು. "ಉಸಿರು ಹಿಡ್ಕೊಂಡು ಪೆಟ್ಟಿಗೇಲಿ ಮಲಗು. ಅವು ಹೋದ ತಕ್ಷಣ ಅಗೆದು ತೆಗೀತೀವಿ."

"ಹೋಗದೆ ಕೂತಿದ್ರೆ?"

ಪೊಕುವಾ ಅಳತೆಯ ಪಟ್ಟಿಯಿಂದ ತಲೆ ಎತ್ತಿದಳು. "ಬದುಕಿದ್ದಾಗ ನೀನು ಇಷ್ಟು ಪ್ರಶ್ನೆ ಕೇಳ್ತಿರಲಿಲ್ಲ, ಸಾರ್ಫೋ," ಎಂದು ಕಣ್ಣೊರೆಸಿಕೊಂಡಳು.

ಶನಿವಾರ ಊರಿಗೆ ಊರೇ ಸೇರಿತ್ತು. ನಾನೂ ಕುಣಿದೆ. ಛತ್ರಿಗಳು ನಮಗಿಂತ ಚೆನ್ನಾಗಿ ಕುಣಿದವು. ಸಾರ್ಫೋ ಮಲಗಿದ್ದ ಪೆಟ್ಟಿಗೆಗೆ ಮಣ್ಣು ಮುಚ್ಚಿದ ಮೇಲೂ ಅಲ್ಲೇ ಕೂತಿದ್ದವು, ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿಯುವಾಗಲೂ ಇದ್ದವು. ಅವು ಯಾವಾಗ ಎದ್ದು ಹೋದವೋ, ಹೋದ ಮೇಲೆ ಗುದ್ದಲಿ ಹಿಡಿದು ಯಾರಾದರೂ ಅಲ್ಲಿಗೆ ಹೋದರೋ ಇಲ್ಲವೋ, ನನಗೆ ಗೊತ್ತಿಲ್ಲ.